ಜೇಬಿಗೆ ಹಿಡಿಯುವ ಕ್ಯಾಮೆರಾ, ಥಿಯೇಟರ್‌ಗೆ ಒಪ್ಪುವ ಶಾಟ್: ಕಾಂಪ್ಯಾಕ್ಟ್ ಸ್ಟಿಲ್ ಕ್ಯಾಮೆರಾ ಬಳಕೆಯ ಸಮಗ್ರ ಮಾರ್ಗದರ್ಶಿ

ಆಟೋರಿಕ್ಷಾದ ಒಳಗೆ ಇಬ್ಬರು ಮಾತನಾಡುವ ದೃಶ್ಯ. ನಿರ್ದೇಶಕರಿಗೆ ಚಾಲಕನ ಕನ್ನಡಿಯ ಮಗ್ಗುಲಿನಿಂದಲೇ ಶಾಟ್ ಬೇಕು. ಮ್ಯಾಟ್ ಬಾಕ್ಸ್, ಫಾಲೋ ಫೋಕಸ್, ಬ್ಯಾಟರಿ ಎಲ್ಲವನ್ನೂ ಏರಿಸಿಕೊಂಡ ಅಲೆಕ್ಸಾ ಎಂಬ ದೊಡ್ಡ ಸಿನಿಮಾ ಕ್ಯಾಮೆರಾ ಅಲ್ಲಿ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ಚಾಲಕ ಕೆಳಗಿಳಿಯಬೇಕಾಗುತ್ತದೆ. 300 ಗ್ರಾಂ ತೂಗುವ ಕಾಂಪ್ಯಾಕ್ಟ್ ಸ್ಟಿಲ್ ಕ್ಯಾಮೆರಾಗೆ ಕೆಲಸ ಸಿಗುವುದು ಇಂಥ ಕಡೆ. ಇಡೀ ಸಿನಿಮಾವನ್ನು ಇದರಲ್ಲೇ ತೆಗೆಯಬಹುದೇ ಎಂದು ಕೇಳುವವರಿದ್ದಾರೆ. ತೆಗೆಯಬಹುದು, ಆದರೆ ತೆಗೆಯಬೇಡಿ ಎನ್ನುವವನು ನಾನು. ದೊಡ್ಡ ಕ್ಯಾಮೆರಾ ಹೋಗಲಾರದ ಜಾಗಕ್ಕೆ ಹೋಗುವುದೇ ಇದರ ಹೆಚ್ಚುಗಾರಿಕೆ. ಉಳಿದ ಎಲ್ಲದರಲ್ಲೂ ಅದು ಹಿಂದೆ.

ಈ ಯೋಚನೆ ಹೊಸದೂ ಅಲ್ಲ. 1984ರ ಇಂಡಿಯಾನಾ ಜೋನ್ಸ್ ಚಿತ್ರದಲ್ಲಿ ಗಣಿಯ ಬಂಡಿಗಳು ಒಂದನ್ನೊಂದು ಬೆನ್ನಟ್ಟುವ ದೃಶ್ಯವಿದೆ. ಅದರ ಮಿನಿಯೇಚರ್ (ಪುಟ್ಟ ಮಾದರಿಗಳಲ್ಲಿ ತೆಗೆದ) ಭಾಗಕ್ಕೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯವರು ನಿಕಾನ್ ಎಫ್3 ಸ್ಟಿಲ್ ಕ್ಯಾಮೆರಾವನ್ನು ಮಾರ್ಪಡಿಸಿ ಬಳಸಿದರು. ಕ್ಯಾಮೆರಾ ಚಿಕ್ಕದಾದಷ್ಟೂ ಸುರಂಗದ ಸೆಟ್ಟೂ ಚಿಕ್ಕದಾಗುತ್ತದೆ. 2010ರಲ್ಲಿ ಅಮೆರಿಕದ ‘ಹೌಸ್’ ಧಾರಾವಾಹಿಯ ಆರನೇ ಸೀಸನ್ನಿನ ಕೊನೆಯ ಕಂತನ್ನು ಕ್ಯಾನನ್ 5ಡಿ ಮಾರ್ಕ್ 2ರಲ್ಲಿ ಚಿತ್ರಿಸಿದರು. ಕುಸಿದ ಕಟ್ಟಡದ ಅವಶೇಷಗಳ ನಡುವೆ ನಡೆಯುವ ಕಥೆ ಅದು. ಎರಡು ಕಡೆಯೂ ಇಕ್ಕಟ್ಟೇ ಕ್ಯಾಮೆರಾವನ್ನು ಆರಿಸಿತು.

ಮೊದಲು ಕ್ಯಾಮೆರಾ ಆರಿಸಿಕೊಳ್ಳಿ

ಒಂದು ಇಂಚಿನ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಇರುವ ಕ್ಯಾಮೆರಾಕ್ಕಿಂತ ಕೆಳಗೆ ಇಳಿಯಬೇಡಿ. ‘ಒಂದು ಇಂಚು’ ಎಂಬುದು ರೂಢಿಯ ಹೆಸರಷ್ಟೇ, ಈ ಸೆನ್ಸರ್‌ನ ನಿಜವಾದ ಅಳತೆ 13.2 × 8.8 ಮಿಲಿಮೀಟರ್. ವಿಡಿಯೋಗಾಗಿ 16:9ಕ್ಕೆ ಕತ್ತರಿಸಿದರೆ 13.2 × 7.4. ಸೂಪರ್ 16 ಫಿಲ್ಮಿನ ಚೌಕಟ್ಟು ಸುಮಾರು 12.5 × 7.4. ಅಂದರೆ, ದಶಕಗಳ ಕಾಲ ಟಿವಿ ನಾಟಕಗಳನ್ನೂ ಸಾಕ್ಷ್ಯಚಿತ್ರಗಳನ್ನೂ ಹೊತ್ತ ಫಿಲ್ಮಿನಷ್ಟೇ ಅಗಲದ ಚಿತ್ರ ನಿಮ್ಮ ಜೇಬಿನಲ್ಲಿದೆ. ‘ಇಷ್ಟು ಸಣ್ಣ ಸೆನ್ಸರ್‌ನಲ್ಲಿ ಏನಾಗುತ್ತದೆ’ ಎಂದು ಮೂಗು ಮುರಿಯುವ ಛಾಯಾಗ್ರಾಹಕರಿಗೆ ಈ ಲೆಕ್ಕ ತೋರಿಸಿ.

ಸೋನಿಯ ಆರ್‌ಎಕ್ಸ್100 ಸರಣಿಯಲ್ಲಿ 2015ರ ನಾಲ್ಕನೇ ಮಾದರಿಯಿಂದ 4ಕೆ ವಿಡಿಯೋ ಬಂತು. 2019ರ ಏಳನೇ ಮಾದರಿಗೆ ಮೈಕ್ ಕಿಂಡಿ ಸಿಕ್ಕಿತು, ಆದರೆ ಅದರೊಳಗೆ ಎನ್‌ಡಿ ಫಿಲ್ಟರ್ (ಬೆಳಕನ್ನು ತಗ್ಗಿಸುವ ಬೂದು ಗಾಜು) ಇಲ್ಲ. ಸೋನಿಯದೇ ಆದ 2020ರ ಜ಼ಡ್‌ವಿ-1ರಲ್ಲಿ ಎರಡೂ ಇವೆ. 2019ರ ಕ್ಯಾನನ್ ಜಿ7ಎಕ್ಸ್ ಮಾರ್ಕ್ 3ರಲ್ಲೂ ಎರಡೂ ಇವೆ, ಆದರೆ 4ಕೆ ಒಂದು ಬಾರಿಗೆ ಸುಮಾರು 10 ನಿಮಿಷ ಮಾತ್ರ. ನನ್ನ ಮಟ್ಟಿಗೆ ಒಳಗಿನ ಎನ್‌ಡಿ ಫಿಲ್ಟರ್ ಮೈಕ್ ಕಿಂಡಿಗಿಂತ ಮುಖ್ಯ. ಧ್ವನಿಗೆ ಬೇರೆ ದಾರಿ ಇದೆ, ಮಧ್ಯಾಹ್ನದ ಬಿಸಿಲಿಗೆ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಎಫ್/11ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಬೂದು ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ದೂಳು ಕೂತಿದೆ. ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ ಇದು. ದೂಳು ತೆಗೆಯಬೇಕಾದರೆ ಸರ್ವಿಸ್‌ಗೆ ಕೊಟ್ಟು ಪೂರ್ತಿ ಬಿಚ್ಚಿಸಬೇಕು. ಜ಼ೂಮ್ ಒಳಹೊರಗೆ ಹೋಗುವಾಗ ಕರಕರ ಸದ್ದು ಬಂದರೂ ಬೇಡ.

ಯಾವ ಶಾಟ್ ಕೊಡಬೇಕು, ಯಾವುದನ್ನು ಕೊಡಬಾರದು

ಚಿತ್ರೀಕರಣದ ಹಿಂದಿನ ದಿನ ಶಾಟ್ ಪಟ್ಟಿ ಹಿಡಿದು ಕುಳಿತು ಇದಕ್ಕೆ ಸಲ್ಲುವ ಶಾಟ್‌ಗಳಿಗೆ ಗುರುತು ಹಾಕಿ. ವಾಹನದ ಒಳಗಿನವು, ಬೀರುವಿನ ಒಳಗಿನಿಂದ ಹೊರಗೆ ನೋಡುವವು, ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದವು, ಒಡೆದುಹೋದರೂ ಚಿಂತೆಯಿಲ್ಲ ಎಂದು ನೆಲದಲ್ಲಿ ಇಟ್ಟು ಗಾಡಿ ಹಾರಿಸುವ ಸಾಹಸದ ಶಾಟ್‌ಗಳು, ಜಾತ್ರೆ ಸಂತೆಗಳಲ್ಲಿ ಜನ ಕ್ಯಾಮೆರಾ ಕಡೆ ತಿರುಗಬಾರದೆಂದಿರುವವು. ಜತೆಗೆ ಟೈಮ್‌ಲ್ಯಾಪ್ಸ್ ಮತ್ತು ಗ್ರಾಫಿಕ್ಸ್‌ನವರಿಗೆ ಬೇಕಾಗುವ ಹಿನ್ನೆಲೆ ಚಿತ್ರಗಳು.

ಗ್ರೀನ್ ಮ್ಯಾಟ್ ಮುಂದೆ ಇದನ್ನು ಇಡಬೇಡಿ. ಇವು 8 ಬಿಟ್, 4:2:0 ವಿಡಿಯೋ ಬರೆಯುತ್ತವೆ. ಹಾಗೆಂದರೆ ಬಣ್ಣದ ಮಾಹಿತಿ ಉದ್ದಕ್ಕೂ ಅಡ್ಡಕ್ಕೂ ಅರ್ಧವಷ್ಟೇ ಉಳಿಯುತ್ತದೆ. ತಲೆಗೂದಲಿನ ಅಂಚಿನಲ್ಲಿ ಹಸಿರು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕತ್ತಲೆಯ ವೈಡ್ ಶಾಟ್ ಬೇಡ. ಕ್ಯಾಮೆರಾವನ್ನು ಸರ್ರನೆ ತಿರುಗಿಸುವ ಪ್ಯಾನ್ ಬೇಡ. ಚಿತ್ರವನ್ನು ಸಾಲು ಸಾಲಾಗಿ ಓದುವ ರೋಲಿಂಗ್ ಶಟರ್‌ನಿಂದಾಗಿ ದೀಪದ ಕಂಬ, ತೆಂಗಿನ ಮರ ಎಲ್ಲವೂ ವಾಲುತ್ತವೆ. ಹಿನ್ನೆಲೆ ಕರಗಿ ಹೋಗುವ ಕ್ಲೋಸಪ್ ಅನ್ನೂ ಇದರಿಂದ ನಿರೀಕ್ಷಿಸಬೇಡಿ. ಅದೇಕೆಂಬುದಕ್ಕೂ ಲೆಕ್ಕವಿದೆ.

ಲೆನ್ಸ್ ಲೆಕ್ಕ

ಸೆಟ್‌ನಲ್ಲಿ ಎಲ್ಲರೂ ಸಿನಿಮಾ ಕ್ಯಾಮೆರಾಗಳ ರೂಢಿಯ ಚೌಕಟ್ಟಾದ ಸೂಪರ್ 35ರ ಲೆಕ್ಕದಲ್ಲಿ ಮಾತನಾಡುತ್ತಾರೆ. ಅದರ ಅಗಲ ಸುಮಾರು 24.9 ಮಿಲಿಮೀಟರ್. 24.9ನ್ನು 13.2ರಿಂದ ಭಾಗಿಸಿದರೆ 1.89. ಜ಼ಡ್‌ವಿ-1ರ ಲೆನ್ಸ್ ಮೇಲೆ 9.4ರಿಂದ 25.7 ಮಿಲಿಮೀಟರ್ ಎಂದು ಬರೆದಿದೆ, 1.89ರಿಂದ ಗುಣಿಸಿದರೆ ಸೂಪರ್ 35ರಲ್ಲಿ ಸುಮಾರು 18ರಿಂದ 49 ಆಯಿತು. ‘32 ಹಾಕಿ’ ಎಂದು ಛಾಯಾಗ್ರಾಹಕರು ಹೇಳಿದರೆ ನೀವು 17 ಮಿಲಿಮೀಟರ್ ಹುಡುಕಬೇಕು. ಕ್ಯಾಮೆರಾ ಪರದೆಯಲ್ಲಿ ಕಾಣುವ 24, 35, 50 ಎಂಬ ಅಂಕಿಗಳು ಫುಲ್ ಫ್ರೇಮ್ (36 ಮಿಲಿಮೀಟರ್ ಅಗಲದ ಸೆನ್ಸರ್) ಲೆಕ್ಕದವು. ಈ ಮೂರು ಬಗೆಯ ಲೆಕ್ಕಗಳನ್ನೂ ಬೆರೆಸಿ ಗೊಂದಲವಾಗುವುದು ಸೆಟ್‌ನಲ್ಲಿ ದಿನನಿತ್ಯದ ಮಾತು. ಒಂದು ಪುಟ್ಟ ಕೋಷ್ಟಕ ಬರೆದು ಕ್ಯಾಮೆರಾದ ಬೆನ್ನಿಗೆ ಅಂಟಿಸಿ.

ಅಪರ್ಚರ್‌ಗೂ ಇದೇ ಗುಣಕ ಅನ್ವಯಿಸುತ್ತದೆ. ಇದರ ಎಫ್/1.8ರಲ್ಲಿ ಸಿಗುವ ಹಿನ್ನೆಲೆಯ ಮಸುಕು ಸೂಪರ್ 35ರ ಎಫ್/3.4ರಷ್ಟು. ಟೆಲಿ ತುದಿಗೆ ಹೋದರೆ ಎಫ್/2.8, ಅಂದರೆ ಅಲ್ಲಿಯ ಎಫ್/5.3. ಆದ್ದರಿಂದ ಮುಖ್ಯ ಕ್ಯಾಮೆರಾ ಎಫ್/4ರಲ್ಲಿ ತೆಗೆದ ದೃಶ್ಯದ ಪಕ್ಕದಲ್ಲಿ ಇದನ್ನು ಪೂರ್ತಿ ತೆರೆದು ಇಟ್ಟರೆ ಎರಡೂ ಹೊಂದಿಕೊಳ್ಳುತ್ತವೆ. ಮುಖ್ಯ ಕ್ಯಾಮೆರಾದವರು ಎಫ್/1.4ರಲ್ಲಿ ತೆಗೆಯುತ್ತಿದ್ದರೆ ಇದನ್ನು ಚೀಲದಲ್ಲೇ ಬಿಡಿ.

ಚಿತ್ರೀಕರಣದ ಸ್ಥಳ ನೋಡಲು ರೆಕ್ಕಿಗೆ ಹೋದಾಗಲೂ ಈ ಕೋಷ್ಟಕ ನೆರವಾಗುತ್ತದೆ. ಫೋಟೊದೊಳಗೆ ಫೋಕಲ್ ಲೆಂತ್ ದಾಖಲಾಗಿರುತ್ತದೆ; ‘ಈ ಜಗಲಿಯಿಂದ 25 ಹಾಕಿದರೆ ತುಳಸಿಕಟ್ಟೆಯೂ ಬರುತ್ತದೆ’ ಎಂದು ನಿರ್ದೇಶಕರಿಗೆ ಕಚೇರಿಯಲ್ಲೇ ತೋರಿಸಬಹುದು.

ಆಟೊ ಎಂದಿರುವುದನ್ನೆಲ್ಲ ಆಫ್ ಮಾಡಿ

ಪ್ರವಾಸಿಗರ ಫೋಟೊ ಕೆಡದಿರಲಿ ಎಂದು ಮಾಡಿದ ಕ್ಯಾಮೆರಾ ಇದು. ಶಾಟ್ ನಡುವೆ ಅದು ತಾನಾಗಿ ಬೆಳಕು ಏರಿಳಿಸುತ್ತದೆ, ಬಣ್ಣ ಬದಲಿಸುತ್ತದೆ, ಫೋಕಸ್ ಹುಡುಕುತ್ತದೆ. ಪ್ರೇಕ್ಷಕನಿಗೆ ‘ಇದೇಕೋ ಮೊಬೈಲ್ ವಿಡಿಯೋ ಥರ ಇದೆ’ ಅನ್ನಿಸುವುದು ರೆಸಲ್ಯೂಷನ್‌ನಿಂದಲ್ಲ, ಈ ಚಂಚಲತೆಯಿಂದ.

ಫ್ರೇಮ್ ದರದಿಂದ ಶುರುಮಾಡಿ. ಸಿನಿಮಾಗೆ ಸೆಕೆಂಡಿಗೆ 24, ಟಿವಿಗೆ 25. ಸೋನಿಯಲ್ಲಿ ಒಂದು ತೊಡಕಿದೆ: ಮೆನುವಿನಲ್ಲಿ ಪಿಎಎಲ್ (ನಮ್ಮ ಟಿವಿ ಪದ್ಧತಿ) ಇಟ್ಟರೆ 25, 50ರಂಥ ದರಗಳು ಮಾತ್ರ ಸಿಗುತ್ತವೆ, 24 ಬೇಕಿದ್ದರೆ ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಹೋಗಬೇಕು. ಅಲ್ಲಿ ಸಿಗುವ 24 ಕೂಡ ನಿಜವಾಗಿ 23.976. ಮುಖ್ಯ ಕ್ಯಾಮೆರಾ ಸರಿಯಾಗಿ 24.000ರಲ್ಲಿ ಓಡುತ್ತಿದ್ದು, ಎಡಿಟಿಂಗ್‌ನಲ್ಲಿ ಇದನ್ನೂ 24.000 ಎಂದು ಓದಿಸಿದರೆ ಚಿತ್ರ ಸಾವಿರಕ್ಕೆ ಒಂದರಷ್ಟು ವೇಗವಾಗುತ್ತದೆ. ಧ್ವನಿಯಿಂದ ಸುಮಾರು 42 ಸೆಕೆಂಡಿಗೆ ಒಂದು ಫ್ರೇಮ್ ಮುಂದೆ. ಹತ್ತು ಸೆಕೆಂಡಿನ ಶಾಟ್‌ನಲ್ಲಿ ಯಾರಿಗೂ ಗೊತ್ತಾಗದು. ಎರಡು ನಿಮಿಷದ ಮಾತುಕತೆಯಲ್ಲಿ ಮೂರು ಫ್ರೇಮ್ ಹೋಗುತ್ತದೆ, ತುಟಿ ಚಲನೆ ತಪ್ಪುತ್ತದೆ. ಈ ವ್ಯತ್ಯಾಸವನ್ನು ಎಡಿಟರ್‌ಗೆ ಮೊದಲೇ ತಿಳಿಸಿ.

ಶಟರ್ 1/50, ಮತ್ತೆ ಅದನ್ನು ಮುಟ್ಟಬೇಡಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿಡಿಯುತ್ತದೆ. 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತ ಸಿಗುವುದರಿಂದ ಚಿತ್ರ ಮಿಣುಕುವುದಿಲ್ಲ. ಅಮೆರಿಕದಲ್ಲಿ ಚಿತ್ರೀಕರಿಸುವವರು ಇದನ್ನು 1/60 ಮಾಡಿಕೊಳ್ಳಬೇಕು. ಅಲ್ಲಿ ವಿದ್ಯುತ್ 60 ಹರ್ಟ್ಸ್. ಅಗ್ಗದ ಎಲ್ಇಡಿ ಪಟ್ಟಿಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವುಗಳನ್ನು ಒಮ್ಮೆ ರೆಕಾರ್ಡ್ ಮಾಡಿ, ದೊಡ್ಡ ಪರದೆಯಲ್ಲಿ ನೋಡಿಯೇ ಒಪ್ಪಿಕೊಳ್ಳಿ.

ವೈಟ್ ಬ್ಯಾಲೆನ್ಸ್ ಅನ್ನು ಕೆಲ್ವಿನ್ ಅಂಕಿಯಲ್ಲಿ ಇಡಿ. ಮುಖ್ಯ ಕ್ಯಾಮೆರಾದಲ್ಲಿ 5600 ಇದ್ದರೆ ಇಲ್ಲೂ 5600. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಸ್ಥಿರವಾಗಿರಲಿ, 125ರಿಂದ 800ರವರೆಗೆ ನಂಬಬಹುದು, 1600 ದಾಟಿದರೆ ನೆರಳಿನ ಭಾಗ ಕಲಸಿಹೋಗುತ್ತದೆ. ಫೋಕಸ್ ಮ್ಯಾನುಯಲ್. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಹಾಕಿಕೊಂಡು, ಚಿತ್ರವನ್ನು ಹಿಗ್ಗಿಸಿ, ನಟರ ಕಣ್ಣಿನ ಮೇಲೆ ಕೂರಿಸಿ. ಸಣ್ಣ ಸೆನ್ಸರ್ ಆದ್ದರಿಂದ ಫೋಕಸ್ ಸಿಗುವ ಆಳವೂ ಹೆಚ್ಚು, ಇಲ್ಲಿ ಅದೇ ವರ. ಶಾಟ್ ನಡುವೆ ಜ಼ೂಮ್ ಮಾಡಬೇಡಿ. ಮೋಟಾರಿನ ಜ಼ೂಮ್ ಅದು, ನಿಮ್ಮ ಕೈಗೆ ಬಗ್ಗುವುದಿಲ್ಲ. ತಾನಾಗಿ ಆರಿಹೋಗುವ ಪವರ್ ಸೇವಿಂಗ್ ಅನ್ನೂ ತೆಗೆದುಹಾಕಿ, ಇಲ್ಲದಿದ್ದರೆ ರಿಹರ್ಸಲ್ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಹೋಗಿ ಫೋಕಸ್, ಜ಼ೂಮ್ ಎರಡೂ ಮೊದಲಿನಿಂದ ಶುರು.

ಇನ್ನು ಲಾಗ್, ಅಂದರೆ ಹೆಚ್ಚು ಬೆಳಕು ನೆರಳನ್ನು ಹಿಡಿಯಲೆಂದು ಚಿತ್ರವನ್ನು ಪೇಲವವಾಗಿ ಬರೆಯುವ ವಿಧಾನ. ಜಾಲತಾಣಗಳ ಪಂಡಿತರೆಲ್ಲ ಸೋನಿಯ ಎಸ್-ಲಾಗ್ ಬಳಸಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 8 ಬಿಟ್ ಎಂದರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 10 ಬಿಟ್‌ನಲ್ಲಿ 1024. ಬರೀ 256 ಮೆಟ್ಟಿಲುಗಳಲ್ಲಿ ವಿಶಾಲವಾದ ಬೆಳಕನ್ನು ಹಿಂಡಿ ತುಂಬಿ, ಆಮೇಲೆ ಡಿಐನಲ್ಲಿ (ಚಿತ್ರದ ಬಣ್ಣ ತಿದ್ದುವ ಹಂತ) ಹಿಗ್ಗಿಸಿದರೆ ಆಕಾಶದಲ್ಲಿ ಪಟ್ಟಿ ಪಟ್ಟಿ ಏಳುತ್ತದೆ. ಲಾಗ್ ಹಾಕಿದೊಡನೆ ಕನಿಷ್ಠ ಐಎಸ್ಒ ಕೂಡ ಮೇಲೇರುತ್ತದೆ. ಸೋನಿಯಲ್ಲಿ ಪಿಕ್ಚರ್ ಪ್ರೊಫೈಲ್ 6 ಆರಿಸಿಕೊಳ್ಳಿ. ಅದರ ಸಿನಿ2 ಗಾಮಾ (ಬೆಳಕು ನೆರಳನ್ನು ಹಂಚುವ ರೀತಿ) ಪ್ರಕಾಶವನ್ನು 100 ಪ್ರತಿಶತದೊಳಗೆ ಹಿಡಿದಿಡುವುದರಿಂದ ಟಿವಿ ಪ್ರಸಾರಕ್ಕೂ ತೊಂದರೆಯಿಲ್ಲ. ಅದೇ ಪ್ರೊಫೈಲ್‌ನೊಳಗೆ ಡೀಟೇಲ್ ಎಂಬುದನ್ನು -7ಕ್ಕೆ ಇಳಿಸಿ. ಮುಖದ ಸುತ್ತ ಬಿಳಿ ಗೆರೆ ಎಳೆದಂತೆ ಕಾಣುವ ಕೃತಕ ಮೊನಚು ಇದರಿಂದ ಹೋಗುತ್ತದೆ. ದೊಡ್ಡ ಕ್ಯಾಮೆರಾದ ಚಿತ್ರಕ್ಕೆ ಇದನ್ನು ಹೊಂದಿಸಲು ಒಂದೇ ಒಂದು ಸೆಟ್ಟಿಂಗ್ ಬದಲಿಸಲು ಅವಕಾಶವಿದೆ ಎಂದರೆ ನಾನು ಇದನ್ನೇ ಬದಲಿಸುತ್ತೇನೆ.

ಬಿಸಿಲಿಗೆ ಎನ್‌ಡಿ

ಶಟರ್ 1/50ಕ್ಕೆ ಕಟ್ಟಿಹಾಕಿದ ಮೇಲೆ ಬಿಸಿಲಿನಲ್ಲಿ ಏನಾಗುತ್ತದೆ ನೋಡಿ. ನೇರ ಬಿಸಿಲಿಗೆ ಐಎಸ್ಒ 125 ಇದ್ದಾಗ 1/125 ಶಟರ್‌ಗೆ ಎಫ್/16 ಬೇಕೆಂಬುದು ಫೋಟೊಗ್ರಾಫರ್‌ಗಳ ಹಳೆಯ ಸೂತ್ರ. ಶಟರ್ 1/50ಕ್ಕೆ ಇಳಿದರೆ ಅದು ಸುಮಾರು ಎಫ್/25 ಆಗಬೇಕು; ಕ್ಯಾಮೆರಾದಲ್ಲಿ ಎಫ್/11ಕ್ಕಿಂತ ಮುಂದೆ ಇಲ್ಲ. ಒಳಗಿನ ಎನ್‌ಡಿ ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ) ಕತ್ತರಿಸುತ್ತದೆ, ಎಫ್/9ಕ್ಕೆ ಬಂದಿರಿ. ಚಿತ್ರ ಸುಡುವುದಿಲ್ಲ, ಆದರೆ ಇಷ್ಟು ಸಣ್ಣ ಸೆನ್ಸರ್‌ನಲ್ಲಿ ಎಫ್/9 ಎಂದರೆ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಚಿತ್ರ ಮೆತ್ತಗಾಗುತ್ತದೆ. ಎಫ್/4ಕ್ಕೆ ಬರಲು ಇನ್ನೂ ಎರಡೂಕಾಲು ಸ್ಟಾಪ್ ಬೇಕು. ಆದ್ದರಿಂದ ಲೆನ್ಸ್ ಮುಂದೆ ಅಂಟಿಸುವ ಫಿಲ್ಟರ್ ರಿಂಗ್ ಒಂದನ್ನು ಕೊಂಡು, 0.6ರ (ಎರಡು ಸ್ಟಾಪ್‌ನ) ಎನ್‌ಡಿ ಸಿಕ್ಕಿಸಿಕೊಳ್ಳಿ. ಅಗ್ಗದ ವೇರಿಯಬಲ್ ಎನ್‌ಡಿ ಬೇಡ; ವೈಡ್‌ನಲ್ಲಿ ಆಕಾಶದ ಮೇಲೆ ಕಪ್ಪು ಅಡ್ಡಪಟ್ಟಿ ಮೂಡುತ್ತದೆ.

ಎಕ್ಸ್‌ಪೋಷರ್ ಅಳೆಯಲು, ಬೆಳಕು ಅತಿಯಾದ ಕಡೆ ಪರದೆಯಲ್ಲಿ ಗೆರೆ ತೋರಿಸುವ ಜ಼ೀಬ್ರಾ ಹಾಕಿಕೊಳ್ಳಿ. ಬಿಳಿ ಪಂಚೆ, ಸುಣ್ಣದ ಗೋಡೆಗಳ ಮೇಲೆ ಗೆರೆ ಬಂದರೆ ಕಾಲು ಸ್ಟಾಪ್ ಇಳಿಸಿ. ನೆರಳು ಸ್ವಲ್ಪ ಹೋದರೂ ಹೋಗಲಿ, ಸುಟ್ಟ ಬಿಳುಪನ್ನು ಡಿಐನವರೂ ಮರಳಿಸಲಾರರು. ಮುಖಕ್ಕೆ ಬೆಳಕು ಬೇಕಿದ್ದರೆ ಥರ್ಮಾಕೋಲ್ ಇದೆಯಲ್ಲ!

ಆಟೋದಲ್ಲಿ ಕಟ್ಟುವುದು

ಮುಂಗಾಜಿನ ಒಳಗಡೆಯ ಕಂಬಿಗೆ ಸೂಪರ್ ಕ್ಲ್ಯಾಂಪ್, ಅದರಿಂದ ಗಿಡ್ಡ ಮ್ಯಾಜಿಕ್ ಆರ್ಮ್, ತುದಿಗೆ ಕ್ಯಾಮೆರಾ. ಆರ್ಮ್ ಉದ್ದವಾದಷ್ಟೂ ನಡುಕ ಹೆಚ್ಚು. ಕ್ಲ್ಯಾಂಪ್ ಮತ್ತು ಕಂಬಿಯ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿದರೆ ಎಂಜಿನ್ನಿನ ಸಣ್ಣ ಕಂಪನ ಅಲ್ಲೇ ಸಾಯುತ್ತದೆ. ಆ ಕಂಪನವೇ ರೋಲಿಂಗ್ ಶಟರ್‌ನೊಂದಿಗೆ ಸೇರಿ ಚಿತ್ರವನ್ನು ಜೆಲ್ಲಿಯಂತೆ ಕುಣಿಸುವುದು. ಕಟ್ಟಿದ ಕ್ಯಾಮೆರಾದಲ್ಲಿ ಸ್ಟೆಬಿಲೈಜ಼ೇಶನ್ ಆಫ್ ಮಾಡಿ. ಅದು ಚೌಕಟ್ಟನ್ನೂ ಕತ್ತರಿಸುತ್ತದೆ, ನಡುಕವನ್ನೂ ತಪ್ಪಾಗಿ ಓದುತ್ತದೆ. ಕ್ಯಾಮೆರಾದ ಪಟ್ಟಿ ಕಿಂಡಿಯಿಂದ ನೈಲಾನ್ ಹುರಿಯೊಂದನ್ನು ಬೇರೆ ಕಂಬಿಗೆ ಕಟ್ಟುವುದು ಕಡ್ಡಾಯ. ಚಾಲಕನ ನೋಟಕ್ಕೂ ಹ್ಯಾಂಡಲ್‌ಗೂ ಅಡ್ಡಬಂದರೆ ಆ ಶಾಟ್ ಬೇಡ.

ಜ಼ಡ್‌ವಿ-1ರಲ್ಲಿ ಟ್ರೈಪಾಡ್ ತಿರುಪು ಬ್ಯಾಟರಿ ಬಾಗಿಲ ಪಕ್ಕದಲ್ಲೇ ಇದೆ. ಪ್ಲೇಟ್ ಹಾಕಿದರೆ ಬಾಗಿಲು ತೆರೆಯದು. ಕಾರ್ಡ್ ಬದಲಿಸಲು ಎಲ್ಲವನ್ನೂ ಬಿಚ್ಚಿ, ಫ್ರೇಮ್ ಮತ್ತೆ ಕೂರಿಸಬೇಕು. ಯುಎಸ್‌ಬಿ ತಂತಿಯಿಂದ ಪವರ್ ಬ್ಯಾಂಕ್ ಕೊಡಿ, ಕಾರ್ಡ್ ದೊಡ್ಡದಿರಲಿ. 100 ಎಂಬಿಪಿಎಸ್‌ನಲ್ಲಿ ನಿಮಿಷಕ್ಕೆ 750 ಎಂಬಿ ಆಗುತ್ತದೆ. 64 ಜಿಬಿ ಕಾರ್ಡಿಗೆ 80 ನಿಮಿಷದ ಮೇಲೆ ಹಿಡಿಯುತ್ತದೆ. ಕಾರ್ಡ್ ಮೇಲೆ ಯು3 ಗುರುತಿರಬೇಕು, ಇಲ್ಲದಿದ್ದರೆ ಆ ದರದಲ್ಲಿ ಬರೆಯಲು ಕ್ಯಾಮೆರಾವೇ ಒಪ್ಪದು.

ಉದ್ದದ ಮಾತುಕತೆಯಾದರೆ ಆಟೋ ಓಡಿಸಲೇಬೇಕೆಂದಿಲ್ಲ. ರಾತ್ರಿ ದೃಶ್ಯದಲ್ಲಿ ಗಾಡಿಯನ್ನು ನಿಲ್ಲಿಸಿ, ಇಬ್ಬರು ಹುಡುಗರು ಹಿಂದೆ ಮುಂದೆ ಅಲುಗಿಸಲಿ, ಲೈಟ್ ಬಾಯ್‌ಗಳು ಹೊರಗಿನಿಂದ ಬೆಳಕನ್ನು ಮುಖದ ಮೇಲೆ ಹಾಯಿಸಲಿ. ಧ್ವನಿಯೂ ಶುದ್ಧವಾಗಿ ಸಿಗುತ್ತದೆ.

ಧ್ವನಿ ಎಂದೆನಲ್ಲ, ಕ್ಯಾಮೆರಾದ ಧ್ವನಿ ಪೈಲಟ್ ಟ್ರ್ಯಾಕ್‌ಗೆ (ಆಮೇಲೆ ಧ್ವನಿ ಹೊಂದಿಸಲು ಗುರುತಿಗೆ) ಮಾತ್ರ. ನಟರ ಮೇಲಿನ ಮೈಕ್ ಬೇರೆ ರೆಕಾರ್ಡರ್‌ಗೆ 48 ಕಿಲೋಹರ್ಟ್ಸ್‌ನಲ್ಲಿ ಹೋಗಲಿ, ಪ್ರತಿ ಟೇಕ್‌ಗೂ ಕ್ಲಾಪ್ ಇರಲಿ. ಇಕ್ಕಟ್ಟಿನಲ್ಲಿ ಬೋರ್ಡ್ ಹಿಡಿಯದಿದ್ದರೆ ಶಾಟ್ ಸಂಖ್ಯೆ ಹೇಳಿ ಫ್ರೇಮಿನೊಳಗೆ ಚಪ್ಪಾಳೆ ತಟ್ಟಿದರೂ ನಡೆಯುತ್ತದೆ.

ಟೈಮ್‌ಲ್ಯಾಪ್ಸ್: ಸ್ಟಿಲ್ ಕ್ಯಾಮೆರಾ ಸ್ಟಿಲ್ ಕ್ಯಾಮೆರಾವಾಗಿಯೇ ಗೆಲ್ಲುವಲ್ಲಿ

ವಿಡಿಯೋದ 8 ಬಿಟ್ ಇಲ್ಲಿ ಅಡ್ಡಬರುವುದಿಲ್ಲ. 20 ಮೆಗಾಪಿಕ್ಸೆಲ್ ರಾ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ) ಫೋಟೊ 5472 × 3648. 4ಕೆ ಚೌಕಟ್ಟಿಗೆ ಬೇಕಿರುವುದು 3840 × 2160. ಉಳಿದ ಜಾಗದಲ್ಲಿ ಎಡಿಟಿಂಗ್ ವೇಳೆ ನಿಧಾನವಾಗಿ ಪ್ಯಾನ್ ಮಾಡಬಹುದು, ಹತ್ತಿರ ಹೋಗಬಹುದು.

ಪರದೆಯ ಮೇಲೆ 10 ಸೆಕೆಂಡ್ ಬೇಕೆಂದರೆ 240 ಫೋಟೊ. 40 ನಿಮಿಷದ ಸೂರ್ಯಾಸ್ತ 2400 ಸೆಕೆಂಡ್; ಆದ್ದರಿಂದ 10 ಸೆಕೆಂಡಿಗೆ ಒಂದು. ಓಡುವ ಮೋಡಗಳಿಗೆ ಮೂರು ಸೆಕೆಂಡ್ ಸಾಕು. ಕೆಲವು ಕ್ಯಾಮೆರಾಗಳಲ್ಲಿ ಇಂಟರ್‌ವಲ್ ಸೌಲಭ್ಯ ಒಳಗೇ ಇದೆ. ಮನೆಯಲ್ಲಿ ಹಳೆಯ ಕ್ಯಾನನ್ ಪವರ್‌ಶಾಟ್ ಬಿದ್ದಿದ್ದರೆ ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶ ಅದಕ್ಕೆ ಹೊಂದುತ್ತದೆಯೇ ನೋಡಿ. ಕಾರ್ಡಿನಿಂದಲೇ ಓಡುವ ಈ ತಂತ್ರಾಂಶ ಅಂಥ ಕ್ಯಾಮೆರಾಕ್ಕೂ ರಾ ಮತ್ತು ಇಂಟರ್‌ವಲ್ ಎರಡನ್ನೂ ಕೊಡುತ್ತದೆ. ಎಕ್ಸ್‌ಪೋಷರ್ ಸ್ಥಿರವಾಗಿಟ್ಟು, ಕತ್ತಲಾಗುವುದನ್ನು ಕತ್ತಲಾಗಲು ಬಿಡಿ. ಆಟೊಗೆ ಕೊಟ್ಟರೆ ಫ್ರೇಮಿಂದ ಫ್ರೇಮಿಗೆ ಬೆಳಕು ಹಾರುತ್ತದೆ. ಅಪರ್ಚರ್ ಆದಷ್ಟು ತೆರೆದಿರಲಿ, ಪ್ರತಿ ಫೋಟೊಗೂ ಅದರ ಎಲೆಗಳು ಒಂದಿಷ್ಟು ಹೆಚ್ಚುಕಡಿಮೆ ಮುಚ್ಚಿಕೊಳ್ಳುವುದರಿಂದಲೂ ಮಿಣುಕು ಬರುತ್ತದೆ.

ಹಾಗೆಯೇ, ಕ್ಯಾಮೆರಾ ಸಣ್ಣದೆಂದು ಅನುಮತಿ ತಪ್ಪುವುದಿಲ್ಲ. ಹಂಪಿಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಮುಂಚಿತ ಪರವಾನಗಿ ಬೇಕು, ಮೆಟ್ರೊ ನಿಲ್ದಾಣಕ್ಕೂ ಬೇಕು. ಪ್ರವಾಸಿಗನ ವೇಷದಲ್ಲಿ ಕದ್ದು ತೆಗೆದ ಶಾಟ್ ಬಿಡುಗಡೆಯ ಹೊತ್ತಿಗೆ ನಿರ್ಮಾಪಕರ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಬಿಸಿ, ಆಮೇಲೆ ಕಡತ

ಇಂಥ ಕ್ಯಾಮೆರಾಗಳು 40 ಡಿಗ್ರಿವರೆಗಿನ ವಾತಾವರಣಕ್ಕೆಂದು ಮಾಡಿದವು. ಮೇ ತಿಂಗಳ ಕಲಬುರಗಿ ಆ ಮಿತಿಯನ್ನು ಮಧ್ಯಾಹ್ನದ ಹೊತ್ತಿಗೆ ದಾಟಬಹುದು. ಸೋನಿ ಮೆನುವಿನಲ್ಲಿ ಆಟೊ ಪವರ್ ಆಫ್ ಟೆಂಪರೇಚರ್ ಅನ್ನು ‘ಹೈ’ಗೆ ಇಡಿ, ಪರದೆಯನ್ನು ದೇಹದಿಂದ ಹೊರಕ್ಕೆ ತಿರುಗಿಸಿ, ಟೇಕ್‌ಗಳ ನಡುವೆ ಕ್ಯಾಮೆರಾ ಆಫ್ ಮಾಡಿ, ಬಿಳಿ ಛತ್ರಿ ಹಿಡಿಸಿ. ಐಸ್ ಪೆಟ್ಟಿಗೆಯಲ್ಲಿ ಇಡುವ ಜಾಣತನ ಬೇಡ. ಹೊರತೆಗೆದೊಡನೆ ಲೆನ್ಸ್ ಒಳಗೆ ನೀರಾವಿ ಕಟ್ಟುತ್ತದೆ.

ಸಂಜೆ ಕಾರ್ಡ್ ನಕಲು ಮಾಡುವಾಗ ವಿಡಿಯೋ ಕಡತಗಳನ್ನಷ್ಟೇ ಎಳೆದುಕೊಳ್ಳದೆ ಇಡೀ ಕಾರ್ಡಿನ ಫೋಲ್ಡರ್ ರಚನೆಯನ್ನು ಎರಡು ಡ್ರೈವ್‌ಗಳಿಗೆ ಇಳಿಸಿ. ಸೋನಿಯ ಕಡತಗಳಿಗೆ ಸಿ0001, ಸಿ0002 ಎಂಬ ಹೆಸರಿರುತ್ತದೆ, ಕಾರ್ಡ್ ಫಾರ್ಮ್ಯಾಟ್ ಆದಮೇಲೆ ಎಣಿಕೆ ಮತ್ತೆ ಒಂದರಿಂದ ಶುರುವಾಗಬಹುದು. ಮೂರು ದಿನದ ಕೆಲಸದಲ್ಲಿ ಮೂರು ಸಿ0001 ಆದರೆ, ಡಿಐಗೆ ಹೋಗುವಾಗ ತಂತ್ರಾಂಶ ಸೋಮವಾರದ ಶಾಟ್ ಜಾಗದಲ್ಲಿ ಬುಧವಾರದ್ದನ್ನು ಸಲೀಸಾಗಿ ಕೂರಿಸುತ್ತದೆ. ಎಡಿಟಿಂಗ್‌ಗೆ ಮೊದಲೇ ದಿನಾಂಕ ಮತ್ತು ಕಾರ್ಡ್ ಸಂಖ್ಯೆ ಸೇರಿಸಿ ಹೆಸರು ಬದಲಿಸಿ. ಆಮೇಲೆ ಎಡಿಟಿಂಗ್‌ಗೆ ಒಗ್ಗುವ ಪ್ರೋರೆಸ್ 422 ಅಥವಾ ಡಿಎನ್ಎಕ್ಸ್‌ಎಚ್ಆರ್ ಮಾದರಿಗೆ ಪರಿವರ್ತಿಸಿ. ಗುಣಮಟ್ಟ ಇದರಿಂದ ಹೆಚ್ಚುವುದಿಲ್ಲ, ಕಂಪ್ಯೂಟರ್ ತಡವರಿಸುವುದು ನಿಲ್ಲುತ್ತದೆ.

ಪ್ರತಿ ಸೆಟಪ್‌ನಲ್ಲೂ ಮುಖ್ಯ ಕ್ಯಾಮೆರಾ ಮತ್ತು ಕಾಂಪ್ಯಾಕ್ಟ್ ಎರಡರ ಮುಂದೆಯೂ ಒಂದೇ ಬೆಳಕಿನಲ್ಲಿ ಗ್ರೇ ಕಾರ್ಡ್ ಮತ್ತು ಬಣ್ಣದ ಚಾರ್ಟ್ ಹಿಡಿದು ಐದು ಸೆಕೆಂಡ್ ರೆಕಾರ್ಡ್ ಮಾಡಿರಬೇಕು. ಡಿಐ ಕೊಠಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲು ಬೂದು ಬಣ್ಣ, ಆಮೇಲೆ ಚರ್ಮದ ಬಣ್ಣ ಹೊಂದಿಸಿ. ಕೊನೆಗೆ ಕಾಂಪ್ಯಾಕ್ಟ್‌ನ ಶಾಟ್ ಮೇಲೆ ತೆಳುವಾಗಿ ಫಿಲ್ಮ್ ಗ್ರೇನ್ ಹರಡಲು ಕಲರಿಸ್ಟ್‌ಗೆ ಹೇಳಿ, 8 ಬಿಟ್‌ನ ಪಟ್ಟಿಗಳು ಅದರಡಿ ಬಹುಪಾಲು ಮುಚ್ಚಿಹೋಗುತ್ತವೆ.